ಗಲ್ಫ್ ನೌಕರಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಪದವೀಧರರು ಊರು ಬಿಡುವ ಮುಂಚೆ ಮುಗಿಸಬೇಕಾದ ಕೆಲಸಗಳು

ನಮ್ಮ ಕಡೆ ಯಾರು ಯಾವ ಗಲ್ಫ್ ದೇಶಕ್ಕೆ ಹೋದರೂ ಮನೆಯವರು ಹೇಳುವುದು ‘ದುಬೈಗೆ ಹೋಗ್ಯಾನ’ ಅಂತಲೇ. ಆದರೆ ಯುಎಇ, ಸೌದಿ ಅರೇಬಿಯಾ, ಕತಾರ್, ಕುವೈತ್, ಒಮಾನ್, ಬಹ್ರೇನ್ ಆರೂ ಬೇರೆ ಬೇರೆ ದೇಶ, ಒಂದೊಂದರ ಕಾಗದಪತ್ರವೂ ಬೇರೆ. ಒಬ್ಬರಿಗೆ ನಡೆದದ್ದು ಇನ್ನೊಬ್ಬರಿಗೆ ನಡೆಯುತ್ತದೆ ಅನ್ನೋ ಭರವಸೆ ಇಲ್ಲ.

ಎಂಜಿನಿಯರ್, ನರ್ಸ್, ಅಕೌಂಟೆಂಟ್, ಲ್ಯಾಬ್ ಟೆಕ್ನಿಷಿಯನ್ ಇಂಥ ಪದವೀಧರರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಆಫರ್ ಲೆಟರ್ ಬರಲಿ, ಆಮೇಲೆ ಕಾಗದ ನೋಡಿಕೊಂಡರಾಯಿತು ಎಂದು ಕೂರುತ್ತಾರೆ. ಕಂಪನಿ ಸೇರಲು ಒಂದೂವರೆ ತಿಂಗಳು ಕೊಡುತ್ತದೆ, ಪದವಿ ಪತ್ರದ ದೃಢೀಕರಣವೇ ಅಷ್ಟು ದಿನ ತಿನ್ನುತ್ತದೆ. ಆಗ ಅವಸರಕ್ಕೆ ಬಿದ್ದು ಯಾರಿಗೋ ರೊಕ್ಕ ಕೊಡುತ್ತಾರೆ. ನೌಕರಿ ಹುಡುಕಲು ಶುರು ಮಾಡಿದ ದಿನವೇ ಕಾಗದದ ಕೆಲಸವನ್ನೂ ಶುರು ಮಾಡಿ.

ಮೊದಲು ಹೆಸರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪತ್ರ, ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿ. ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಬರೀ ಒಂದು ಅಕ್ಷರ. ‘ಬಸವರಾಜ ಎಚ್’ ಮತ್ತು ‘ಹಿರೇಮಠ ಬಸವರಾಜ’ ಒಬ್ಬರೇ ಎಂಬುದು ನಮಗೆ ಗೊತ್ತು, ರಿಯಾದಿನಲ್ಲೋ ದೋಹಾದಲ್ಲೋ ಕೂತು ಪರಿಶೀಲಿಸುವವರಿಗೆ ಗೊತ್ತಿಲ್ಲ. ಅವರು ಪಾಸ್‌ಪೋರ್ಟನ್ನೂ ಪದವಿ ಪತ್ರವನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ. ಇನಿಷಿಯಲ್ ಬಿಡಿಸಿ ಬರೆದದ್ದು ತಂದೆಯ ಹೆಸರಿಗೋ ಮನೆತನಕ್ಕೋ ಹೊಂದಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇಂಗ್ಲಿಷ್ ಸ್ಪೆಲ್ಲಿಂಗೇ ಬೇರೆಯಾಗಿದ್ದರೆ ಕಷ್ಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಬೇರು ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಸರಿಹೊಂದಿಸಿ. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕು ಎಂದಿರುವ ಹೆಣ್ಣುಮಕ್ಕಳು ಪದವಿ ಪತ್ರದ ಹೆಸರನ್ನೇ ಉಳಿಸಿಕೊಳ್ಳುವುದು ಮೇಲು.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇದೆಯೇ ನೋಡಿ. 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ ಸಾಮಾನ್ಯವಾಗಿ ವಿಸಿಟ್ ವೀಸಾ ಕೊಡುತ್ತಿಲ್ಲ. ಸಂದರ್ಶನಕ್ಕೆಂದು ಹೋಗುವವರಿಗೆ, ಮುಂದೆ ನೋಡಿಹೋಗಲು ಬರುವ ಹೆತ್ತವರಿಗೆ ಇದು ಅಡ್ಡಗಾಲು. ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಲು 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ 2,000.

ಊರಿನ ಹೆಸರಿನ ಬಗ್ಗೆಯೂ ನಮ್ಮ ಭಾಗದವರಿಗೆ ಗೊಂದಲ ಜಾಸ್ತಿ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಗಂಗಾವತಿಯಲ್ಲಿ 1995ರಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ರಾಯಚೂರು ಜಿಲ್ಲೆ ಎಂದೇ ಇರುತ್ತದೆ. ಇಂಗ್ಲಿಷಿನಲ್ಲಿ ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಬಂದದ್ದು 2014ರ ನವೆಂಬರಿನಲ್ಲಿ. ಹೊಸಪೇಟೆಯವರು 2021ರಿಂದ ವಿಜಯನಗರ ಜಿಲ್ಲೆಯವರು. ಇವನ್ನು ತಪ್ಪು ಎಂದುಕೊಂಡು ತಿದ್ದಿಸಲು ಓಡಾಡಬೇಡಿ. ಪಾಸ್‌ಪೋರ್ಟಿನಲ್ಲಿ ಏನು ಅಚ್ಚಾಗಿದೆಯೋ ಅದನ್ನೇ ಪ್ರತಿ ಅರ್ಜಿಯಲ್ಲೂ ಅದೇ ಸ್ಪೆಲ್ಲಿಂಗಿನಲ್ಲಿ ಬರೆಯಿರಿ.

ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ಅನುಮತಿ ಬೇಕು ಎಂಬ ಷರಾ) ಎಂಬ ಮೂರು ಅಕ್ಷರ ಇದೆಯೇ ಎಂದೂ ಗಮನಿಸಿ. ಹತ್ತನೇ ತರಗತಿ ಪಾಸಾಗದವರು ದುಡಿಯಲು ಹೋಗುವಾಗ ಸರ್ಕಾರದ ವಲಸೆ ಅನುಮತಿ ಪಡೆಯಬೇಕಾದ 18 ದೇಶಗಳಲ್ಲಿ ಆರೂ ಗಲ್ಫ್ ದೇಶಗಳಿವೆ. ನೀವು ಪದವೀಧರರಾದರೂ ಪಾಸ್‌ಪೋರ್ಟನ್ನು ಎಸ್ಸೆಸ್ಸೆಲ್ಸಿಗೆ ಮುಂಚೆ ಮಾಡಿಸಿದ್ದರೆ ಆ ಷರಾ ಹಾಗೇ ಉಳಿದಿರಬಹುದು. ಅಂಕಪಟ್ಟಿ ತೋರಿಸಿ ತೆಗೆಸಿಕೊಳ್ಳಿ. ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿ ವಾದ ನಡೆಯುವುದಿಲ್ಲ.

ಪದವಿ ಪತ್ರದ ಮೊಹರುಗಳು

ಹೆಚ್ಚು ದಿನ ಹಿಡಿಯುವುದು, ಹೆಚ್ಚು ಸುಲಿಗೆ ನಡೆಯುವುದು ಎರಡೂ ಇಲ್ಲೇ. ಬೇಕಾದದ್ದು ಘಟಿಕೋತ್ಸವದ ಮೂಲ ಪದವಿ ಪತ್ರ, ಪ್ರೊವಿಷನಲ್ ಅಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕೆ ಮುಂಚೆ ಬಳ್ಳಾರಿ, ಕೊಪ್ಪಳದಲ್ಲಿ ಬಿಎ, ಬಿಎಸ್ಸಿ, ಬಿಕಾಂ ಓದಿದವರ ದಾಖಲೆ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿರುತ್ತದೆ. ಎಂಜಿನಿಯರಿಂಗಿನವರಿಗೆ ಬೆಳಗಾವಿಯ ವಿಟಿಯು, ನರ್ಸಿಂಗಿನವರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಪತ್ರ ಅಸಲಿಯೇ ಎಂದು ಕೇಳಿದಾಗ ಉತ್ತರ ಕೊಡಬೇಕಾದವರು ಇವರು, ನಿಮ್ಮ ಕಾಲೇಜಲ್ಲ.

ದಾರಿ ಹೀಗೆ. ಮೊದಲು ಬೆಂಗಳೂರಿನಲ್ಲಿ ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ದೃಢೀಕರಣ. ನಂತರ ಕೇಂದ್ರದ ವಿದೇಶಾಂಗ ಸಚಿವಾಲಯ. ಇಲ್ಲಿಗೆ ನೀವೇ ನೇರವಾಗಿ ಕೊಡುವ ಹಾಗಿಲ್ಲ, ಸಚಿವಾಲಯ ಗೊತ್ತುಮಾಡಿದ ಏಜೆನ್ಸಿಗಳ ಮೂಲಕ ಹೋಗಬೇಕು. ಅಲ್ಲಿಂದ ದಾರಿ ಎರಡಾಗುತ್ತದೆ. ಸೌದಿ, ಒಮಾನ್, ಬಹ್ರೇನ್ ಅಪೊಸ್ಟಿಲ್ ಒಪ್ಪಂದದಲ್ಲಿವೆ, ಅಂದರೆ ಒಂದು ದೇಶದ ಸರ್ಕಾರ ಅಂಟಿಸಿದ ದೃಢೀಕರಣವನ್ನು ಇನ್ನೊಂದು ದೇಶ ನೇರವಾಗಿ ಒಪ್ಪುವ ಒಪ್ಪಂದ. ಸಚಿವಾಲಯದ ಅಪೊಸ್ಟಿಲ್ ಸ್ಟಿಕ್ಕರ್ ಬಿದ್ದರೆ ಭಾರತದ ಕಡೆಯ ಕೆಲಸ ಮುಗಿಯಿತು. ಯುಎಇ, ಕತಾರ್, ಕುವೈತಿಗೆ ಸಚಿವಾಲಯದ ಮೊಹರಿನ ಮೇಲೆ ಆ ದೇಶದ ರಾಯಭಾರ ಕಚೇರಿಯ ಮೊಹರೂ ಬೇಕು, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯದು ಇನ್ನೊಂದು. ಸೌದಿಗೆ ಅಪೊಸ್ಟಿಲ್ ಒಪ್ಪಂದ ಜಾರಿಯಾದದ್ದು 2022ರ ಡಿಸೆಂಬರಿನಲ್ಲಿ. ಅಲ್ಲಿಗೂ ರಾಯಭಾರ ಕಚೇರಿಯ ಮೊಹರು ಬೇಕೆಂದು ಯಾರಾದರೂ ರೊಕ್ಕ ಕೇಳಿದರೆ, ಕಂಪನಿಯಿಂದ ಅದನ್ನು ಬರವಣಿಗೆಯಲ್ಲಿ ತರಿಸಿಕೊಂಡೇ ಮುಂದುವರಿಯಿರಿ.

ಅಪೊಸ್ಟಿಲ್‌ಗೆ ಸಚಿವಾಲಯದ ಶುಲ್ಕ ಪತ್ರಕ್ಕೆ 50 ರೂಪಾಯಿ, ಸಾದಾ ದೃಢೀಕರಣಕ್ಕೆ ಶುಲ್ಕವೇ ಇಲ್ಲ. ಉಳಿದದ್ದೆಲ್ಲ ಏಜೆನ್ಸಿಯ ಸೇವಾಶುಲ್ಕ, ಕೊರಿಯರ್, ರಾಯಭಾರ ಕಚೇರಿಯ ಶುಲ್ಕ. ರಸೀದಿಯಲ್ಲಿ ಇವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಮೊಹರು ಬೀಳುವುದು ಮೂಲ ಪತ್ರದ ಹಿಂಬದಿಗೆ. ನಮ್ಮ ಮನೆಗಳಲ್ಲಿ ಪದವಿ ಪತ್ರ ಕೈಗೆ ಬಂದ ವಾರದಲ್ಲೇ ಲ್ಯಾಮಿನೇಷನ್ ಮಾಡಿಸುವ ರೂಢಿ. ಪ್ಲಾಸ್ಟಿಕ್ಕಿನ ಮೇಲೆ ಯಾರೂ ಮೊಹರು ಹಾಕುವುದಿಲ್ಲ, ಕಿತ್ತರೆ ಕಾಗದ ಹರಿಯುತ್ತದೆ. ಆಗಲೇ ಲ್ಯಾಮಿನೇಷನ್ ಆಗಿದ್ದರೆ ಕಿತ್ತು ನೋಡುವ ಸಾಹಸ ಬೇಡ, ವಿಶ್ವವಿದ್ಯಾಲಯದಿಂದ ದ್ವಿಪ್ರತಿಗೆ ಅರ್ಜಿ ಹಾಕಿ. ಮೂಲ ಪತ್ರ ಕೈಬಿಡುವ ಮುಂಚೆ ಎರಡೂ ಬದಿಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಕುಟುಂಬವನ್ನೂ ಕರೆದೊಯ್ಯುವವರು ಮದುವೆ ನೋಂದಣಿ ಪತ್ರ ಮತ್ತು ಮಕ್ಕಳ ಜನನ ಪತ್ರವನ್ನೂ ಇದೇ ಸುತ್ತಿನಲ್ಲಿ ಮುಗಿಸಿ. ಇವು ಹೋಗುವುದು ಗೃಹ ಇಲಾಖೆಯ ಮೂಲಕ. ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ಪತ್ರವೇ ಬೇಕು.

ಅನುಭವ ಪತ್ರದ ವಿಷಯವೂ ಇಷ್ಟೇ ಮುಖ್ಯ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ದುಡಿದವರಲ್ಲಿ ಅನೇಕರ ಸಂಬಳ ಬಂದದ್ದು ಗುತ್ತಿಗೆದಾರರಿಂದ. ಅನುಭವ ಪತ್ರವೂ ಅವರಿಂದಲೇ ಬರಬೇಕು. ಕಾರ್ಖಾನೆಯ ಹೆಸರು ಹಾಕಿ ಪರಿಶೀಲನೆಗೆ ಕೊಟ್ಟರೆ ‘ನಮ್ಮ ನೌಕರರಲ್ಲ’ ಎಂಬ ಉತ್ತರ ಹೋಗುತ್ತದೆ, ನಿಮ್ಮ ಅರ್ಜಿ ಸುಳ್ಳು ಎಂದಾಗುತ್ತದೆ. ಪತ್ರದಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ಸಹಿ ಮಾಡಿದವರ ಹೆಸರು, ಸಂಸ್ಥೆಯ ಸ್ವಂತ ಇಮೇಲ್ ಇರಲಿ. ಪಿಎಫ್ ಪಾಸ್‌ಬುಕ್ಕಿನ ತಾರೀಖುಗಳಿಗೆ ಅವು ತಾಳೆಯಾಗಬೇಕು.

ನರ್ಸ್‌ಗಳು, ಎಂಜಿನಿಯರುಗಳು

ನರ್ಸ್‌ಗಳಿಗೆ ವೃತ್ತಿ ಪರವಾನಗಿಯ ಮೆಟ್ಟಿಲು ಬೇರೆ. ಪರವಾನಗಿ ಕೊಡುವ ಆರೋಗ್ಯ ಸಂಸ್ಥೆ ದುಬೈಗೆ ಡಿಎಚ್‌ಎ, ಅಬುಧಾಬಿಗೆ ಡಿಒಎಚ್, ಯುಎಇಯ ಉಳಿದ ಎಮಿರೇಟುಗಳಿಗೆ ಎಂಒಎಚ್‌ಎಪಿ, ಸೌದಿಗೆ ಎಸ್‌ಸಿಎಫ್‌ಎಚ್‌ಎಸ್. ಪರೀಕ್ಷೆ ಕಂಪ್ಯೂಟರಿನಲ್ಲಿ, ‘ಪ್ರೊಮೆಟ್ರಿಕ್’ ಎಂದೇ ಎಲ್ಲರ ಬಾಯಲ್ಲಿ. ಪರೀಕ್ಷೆಗಿಂತ ಹೆಚ್ಚು ಜನ ಸಿಕ್ಕಿಬೀಳುವುದು ಕಾಗದಪತ್ರ ಅಸಲಿಯೇ ಎಂದು ನೋಡುವ ಡೇಟಾಫ್ಲೋ ಕಂಪನಿಯ ಪರಿಶೀಲನೆಯಲ್ಲಿ. ಅವರು ವಿಶ್ವವಿದ್ಯಾಲಯಕ್ಕೆ, ರಾಜ್ಯ ನರ್ಸಿಂಗ್ ಕೌನ್ಸಿಲ್ಲಿಗೆ, ಹಿಂದಿನ ಆಸ್ಪತ್ರೆಗೆ ನೇರವಾಗಿ ಬರೆದು ಕೇಳುತ್ತಾರೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಆ ಇಮೇಲನ್ನು ತೆರೆಯುವವರೇ ಇರುವುದಿಲ್ಲ, ‘ಪರಿಶೀಲಿಸಲಾಗಲಿಲ್ಲ’ ಎಂದು ವರದಿ ಬರುತ್ತದೆ. ಅರ್ಜಿ ಹಾಕುವ ಮುಂಚೆ ಆಸ್ಪತ್ರೆಗೆ ಹೋಗಿ, ಯಾವ ಇಮೇಲಿಗೆ ಬಂದರೆ ಯಾರು ಉತ್ತರಿಸುತ್ತಾರೆ ಎಂದು ಕೇಳಿ ಗಟ್ಟಿ ಮಾಡಿಕೊಳ್ಳಿ. ಎರಡು ವಾರ ಬಿಟ್ಟು ಮತ್ತೆ ಹೋಗಿ ನೆನಪಿಸಿ. ಹೀಗೆ ಬೆನ್ನು ಹತ್ತುವುದರಲ್ಲಿ ಸಂಕೋಚ ಬೇಡ.

2015ರಿಂದ ನರ್ಸ್‌ಗಳಿಗೆ ಇನ್ನೊಂದು ನಿಯಮವಿದೆ. ಪಾಸ್‌ಪೋರ್ಟಿನಲ್ಲಿ ಇಸಿಆರ್ ಷರಾ ಇಲ್ಲದಿದ್ದರೂ ಆ 18 ದೇಶಗಳಿಗೆ ಹೋಗುವಾಗ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಬೇಕು, ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕ ನಡೆಯಬೇಕು. ಕೇರಳದವರಿಗೆ ಅಲ್ಲಿನ ಸರ್ಕಾರದ ನೇಮಕಾತಿ ಸಂಸ್ಥೆಗಳಾದ ನೋರ್ಕಾ ರೂಟ್ಸ್, ಒಡೆಪೆಕ್ ಇದ್ದ ಹಾಗೆ ನಮ್ಮಲ್ಲಿ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಖಾಸಗಿಯವರ ಬಳಿ ಹೋಗದೆ ಅಲ್ಲಿ ವಿಚಾರಿಸಿ.

ಎಂಜಿನಿಯರುಗಳು ಕುವೈತಿನ ಆಫರ್ ಬಂದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ನೀವು ಓದಿದ ವರ್ಷ, ನೀವು ಓದಿದ ಬ್ರಾಂಚಿಗೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇತ್ತೇ? 2018ರಲ್ಲಿ ಅಲ್ಲಿನ ಎಂಜಿನಿಯರುಗಳ ಸೊಸೈಟಿಯ ಒಪ್ಪಿಗೆಯನ್ನು ಕಡ್ಡಾಯ ಮಾಡಿ, ಅದಕ್ಕೆ ಎನ್‌ಬಿಎಯನ್ನೇ ಅಳತೆಗೋಲು ಮಾಡಿದಾಗ, ವರ್ಷಗಟ್ಟಲೆ ಅಲ್ಲೇ ದುಡಿದ ಭಾರತೀಯ ಎಂಜಿನಿಯರುಗಳು ಕೂಡ ಪರದಾಡಿದರು. ಕಾಲೇಜಿಗೆ ಹೆಸರಿದ್ದರೆ ಸಾಲದು, ಬ್ರಾಂಚ್ ಮತ್ತು ವರ್ಷ ಎರಡೂ ಸೇರಬೇಕು. ಸೌದಿಯಲ್ಲಿ ಎಂಜಿನಿಯರ್ ಎಂದು ವೀಸಾ ಇದ್ದರೆ ಸೌದಿ ಕೌನ್ಸಿಲ್ ಆಫ್ ಎಂಜಿನಿಯರ್ಸ್‌ನ ಸದಸ್ಯತ್ವ ಬೇಕು.

ಏಜೆಂಟ್ ಮತ್ತು ಬಂಗಾರ

ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಗಲ್ಫಿಗೆ ಹೋಗಲೆಂದು ಮನೆಯ ಬಂಗಾರ ಒತ್ತೆ ಇಡುವುದು, ಹೊಲದ ಮೇಲೆ ಸಾಲ ಎತ್ತುವುದು ಇನ್ನೂ ನಿಂತಿಲ್ಲ. ಇದು ನಿಲ್ಲಲೇಬೇಕು. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಒಟ್ಟು 35,400. ರಸೀದಿ ಕೊಡಲೇಬೇಕು. ವೀಸಾ ಖರ್ಚು ಕಂಪನಿಯದು. ಯುಎಇ ಕಾನೂನಿನಲ್ಲಿ ನೇಮಕದ ಖರ್ಚನ್ನು ನೌಕರನಿಂದ ವಸೂಲು ಮಾಡುವುದೇ ನಿಷಿದ್ಧ.

ಏಜೆಂಟಿನ ಲೈಸೆನ್ಸ್ ಸಂಖ್ಯೆ ಕೇಳಿ, ಇ-ಮೈಗ್ರೇಟ್ ಜಾಲತಾಣದಲ್ಲಿ ಸಕ್ರಿಯವಾಗಿದೆಯೇ ನೋಡಿ. ‘ನಾನು ಮುಂಬೈ ಆಫೀಸಿನ ಸಬ್ ಏಜೆಂಟ್’ ಎನ್ನುವವರಿಗೆ ಕಾನೂನಿನಲ್ಲಿ ಜಾಗವಿಲ್ಲ. ಲಾಡ್ಜಿನ ರೂಮಿನಲ್ಲಿ ಸಂದರ್ಶನ, ಮೂಲ ಪಾಸ್‌ಪೋರ್ಟ್ ಕೈಗೆ ಕೊಡಿ ಎನ್ನುವುದು, ಇನ್ನೊಬ್ಬರ ಖಾತೆಗೆ ಫೋನ್‌ಪೇ ಮಾಡಿಸುವುದು, ಉಚಿತ ಇಮೇಲ್ ವಿಳಾಸದಿಂದ ಬಂದ ಆಫರ್ ಇವುಗಳಲ್ಲಿ ಒಂದು ಕಂಡರೂ ಎದ್ದು ಬನ್ನಿ. ‘ಆಜಾದ್ ವೀಸಾ’, ‘ಫ್ರೀ ವೀಸಾ’ ಎಂಬುದು ಯಾವ ದೇಶದ ಕಾನೂನಿನಲ್ಲೂ ಇಲ್ಲ. ಒಬ್ಬರ ಹೆಸರಿನಲ್ಲಿ ವೀಸಾ, ಇನ್ನೊಬ್ಬರ ಬಳಿ ಕೆಲಸ. ಹಿಡಿದರೆ ದಂಡ, ಗಡೀಪಾರು ನಿಮಗೆ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡುವುದೂ ಅಷ್ಟೇ ಅಪರಾಧ.

ಆಫರ್ ಓದುವ ಬಗೆ

ಒಟ್ಟು ಸಂಬಳ ನೋಡಿ ರೂಪಾಯಿಗೆ ಗುಣಿಸಿ ಕೂರಬೇಡಿ, ಮೂಲ ವೇತನ ಎಷ್ಟಿದೆ ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ತಿಂಗಳಿಗೆ 7,000 ದಿರಹಂ ಕೊಡುವ ಎರಡು ಕಂಪನಿಗಳಿವೆ ಎನ್ನಿ. ಒಂದರಲ್ಲಿ ಮೂಲ ವೇತನ 2,800, ಇನ್ನೊಂದರಲ್ಲಿ 4,200. ಮೊದಲನೆಯದರಲ್ಲಿ ವರ್ಷಕ್ಕೆ 1,960 ದಿರಹಂ ಜಮೆಯಾದರೆ ಎರಡನೆಯದರಲ್ಲಿ 2,940. ಐದು ವರ್ಷಕ್ಕೆ 4,900 ದಿರಹಮಿನ ವ್ಯತ್ಯಾಸ, ಕೈಗೆ ಬರುವ ಸಂಬಳ ಮಾತ್ರ ಒಂದೇ.

ಮನೆ, ಓಡಾಟ, ಆರೋಗ್ಯ ವಿಮೆ, ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಬರುವ ಟಿಕೆಟ್ ಇವೆಲ್ಲ ಯಾರ ಖರ್ಚು ಎಂದು ಒಪ್ಪಂದದಲ್ಲೇ ಇರಬೇಕು. ಪ್ರೊಬೇಷನ್ ಯುಎಇಯಲ್ಲಿ ಆರು ತಿಂಗಳು ಮೀರುವಂತಿಲ್ಲ. ಅದರೊಳಗೆ ಅಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್, ದೇಶ ಬಿಟ್ಟು ಬರುವುದಾದರೆ 14 ದಿನ. ವೀಸಾದಲ್ಲಿ ಹುದ್ದೆಯ ಹೆಸರು ಏನಿರುತ್ತದೆ ಎಂದೂ ಕೇಳಿ. ‘ಮೊದಲು ಯಾವುದಾದರೂ ವೀಸಾದಲ್ಲಿ ಬನ್ನಿ, ಆಮೇಲೆ ಬದಲಿಸೋಣ’ ಎಂಬ ಮಾತಿಗೆ ಒಪ್ಪಬೇಡಿ. ಹುದ್ದೆಯ ಹೆಸರು ಕೆಳಗಿನದಾದರೆ ಸೌದಿಯಂಥ ಕಡೆ ಕುಟುಂಬದ ವೀಸಾಕ್ಕೇ ತೊಡಕು. ಯುಎಇಯಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಕನಿಷ್ಠ 4,000 ದಿರಹಂ ಸಂಬಳ ಬೇಕು, ಕಂಪನಿ ಮನೆ ಕೊಟ್ಟರೆ 3,000 ಸಾಕು. ಆ ಸಂಬಳದಲ್ಲಿ ಸಂಸಾರ ನಡೆಯುವುದಿಲ್ಲ ಎಂಬುದು ಬೇರೆ ಮಾತು.

ದಿರಹಂ, ರಿಯಾಲ್‌ಗಳು ಡಾಲರಿಗೆ ಕಟ್ಟಿಹಾಕಿದ ನಾಣ್ಯಗಳು. ಒಂದು ಡಾಲರಿಗೆ 3.6725 ದಿರಹಂ, ಸೌದಿ ರಿಯಾಲ್ 3.75. ಹಾಗಾಗಿ ಊರಿಗೆ ಕಳಿಸುವ ರೊಕ್ಕ ಏರಿಳಿಯುವುದು ರೂಪಾಯಿ ಮತ್ತು ಡಾಲರಿನ ನಡುವಿನ ದರದಿಂದ.

ವೈದ್ಯಕೀಯ ಮತ್ತು ವೀಸಾ

ಸೌದಿ, ಕುವೈತ್, ಒಮಾನ್, ಬಹ್ರೇನಿಗೆ ಗಲ್ಫ್ ದೇಶಗಳ ವೈದ್ಯಕೀಯ ಪರೀಕ್ಷೆಯ ‘ವಾಫಿದ್’ ವ್ಯವಸ್ಥೆಯಲ್ಲಿ ಆನ್‌ಲೈನ್ ಹೆಸರು ಬರೆಸಿ, ಅವರು ಸೂಚಿಸಿದ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬೇಕು. ಹಳಬರು ಇದನ್ನು ‘ಗಾಮ್ಕಾ’ ಎನ್ನುತ್ತಾರೆ. ವರದಿಗೆ ಸೀಮಿತ ಆಯಸ್ಸು, ಆದ್ದರಿಂದ ವೀಸಾ ಕಾಗದ ಬರುವ ಮುಂಚೆ ಮಾಡಿಸಿ ಕಳೆದುಕೊಳ್ಳಬೇಡಿ. ಕತಾರಿಗೆ ವೈದ್ಯಕೀಯ, ಬೆರಳಚ್ಚು, ಒಪ್ಪಂದದ ಸಹಿ ಮೂರೂ ಕತಾರ್ ವೀಸಾ ಸೆಂಟರಿನಲ್ಲಿ ನಡೆಯುತ್ತವೆ. ಬೆಂಗಳೂರಿನಲ್ಲಿ ಈ ಕೇಂದ್ರವಿಲ್ಲ, ನಮಗೆ ಹತ್ತಿರದ್ದು ಹೈದರಾಬಾದ್. ರಾಯಚೂರಿನವರಿಗೆ ಅನುಕೂಲವೇ ಆಯಿತು. ಯುಎಇಗೆ ಸಾಮಾನ್ಯವಾಗಿ ಅಲ್ಲಿಗೆ ಹೋದ ಮೇಲೆ ಪರೀಕ್ಷೆ. ಅಲ್ಲಿ ಅನ್‌ಫಿಟ್ ಆದರೆ ವಾಪಸು ಕಳಿಸುತ್ತಾರೆ.

ಎಲ್ಲಿಗೇ ಆಗಲಿ, ಇರುವ ನೌಕರಿಗೆ ರಾಜೀನಾಮೆ ಕೊಡುವ ಮುಂಚೆ ಊರಿನಲ್ಲೇ ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿಕೊಳ್ಳಿ. ಹಿಂದೆಂದೋ ಟಿಬಿ ಬಂದು ವಾಸಿಯಾಗಿದ್ದರೂ ಎಕ್ಸ್‌ರೇಯಲ್ಲಿ ಉಳಿದ ಕಲೆಯೇ ಅನ್‌ಫಿಟ್ ಮಾಡಿಸಬಹುದು. ಚಿಕಿತ್ಸೆ ಪೂರ್ತಿ ಮುಗಿಸಿದ ದಾಖಲೆ ಇಟ್ಟುಕೊಂಡು ಮೊದಲೇ ಎದೆರೋಗದ ವೈದ್ಯರನ್ನು ಕಾಣಿ.

ಬ್ಯಾಂಕ್, ತೆರಿಗೆ, ಹೊಲ

ಹೊರಡುವ ತಾರೀಖು ನಿಮ್ಮ ಕೈಯಲ್ಲಿದ್ದರೆ ಸೆಪ್ಟೆಂಬರ್ 28ರೊಳಗೆ ಹೊರಡಿ. ಏಪ್ರಿಲ್ 1ರಿಂದ ಎಣಿಸಿದರೆ ಅಂದಿಗೆ 181 ದಿನ. ನೌಕರಿಗೆಂದು ಹೊರದೇಶಕ್ಕೆ ಹೋಗುವ ಭಾರತೀಯರು ಆ ಆರ್ಥಿಕ ವರ್ಷ ಇಲ್ಲಿ 182 ದಿನ ತುಂಬಿಸಿದರೆ ಇಲ್ಲಿನ ನಿವಾಸಿಯೇ ಆಗಿ ಉಳಿಯುತ್ತಾರೆ, ಗಲ್ಫಿನ ಸಂಬಳವೂ ಇಲ್ಲಿನ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಒಂದು ವಾರದ ಅಂತರಕ್ಕೆ ಆರು ತಿಂಗಳ ಸಂಬಳಕ್ಕೆ ತೆರಿಗೆ ಬೀಳುವುದುಂಟು.

ಇರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಇಲ್ಲಿನ ಆದಾಯಕ್ಕೆ ಅನಿವಾಸಿಗಳ ಖಾತೆ) ಮಾಡಿಸಿ, ಸಂಬಳ ಕಳಿಸಲು ಎನ್‌ಆರ್‌ಇ (ಹೊರದೇಶದ ಗಳಿಕೆಗೆ ಅನಿವಾಸಿಗಳ ಖಾತೆ) ತೆರೆಯಿರಿ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಆಧಾರ್ ಮತ್ತು ಬ್ಯಾಂಕಿಗೆ ಜೋಡಿಸಿದ ಸಿಮ್ಮಿಗೆ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪಿಸಬೇಡಿ. ಸಿಮ್ ಸತ್ತರೆ ಒಟಿಪಿ ಇಲ್ಲದೆ ನಿಮ್ಮ ದುಡ್ಡೇ ನಿಮಗೆ ಸಿಗುವುದಿಲ್ಲ.

ತುಂಗಭದ್ರಾ ಕಾಲುವೆ ಕೆಳಗೆ ಎರಡೆಕರೆ ಗದ್ದೆ ಕೊಳ್ಳಬೇಕೆಂಬ ಆಸೆಯಿಂದಲೇ ಎಷ್ಟೋ ಜನ ಹೋಗುತ್ತಾರೆ. ಅನಿವಾಸಿ ಆದ ಮೇಲೆ ನಿಮ್ಮ ಹೆಸರಿನಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ. ವಿದೇಶಿ ವಿನಿಮಯದ ಫೆಮಾ ಕಾನೂನು ಒಪ್ಪುವುದಿಲ್ಲ. ಪಿತ್ರಾರ್ಜಿತವಾಗಿ ಬರಬಹುದು, ಮೊದಲೇ ಇದ್ದದ್ದು ಉಳಿಯುತ್ತದೆ, ಮನೆ, ಅಂಗಡಿ, ನಿವೇಶನ ಕೊಳ್ಳಬಹುದು.

ಪೆಟ್ಟಿಗೆ

ಅವ್ವ ಕಟ್ಟಿಕೊಡುವ ಗಂಟು ಬಿಚ್ಚಿ ನೋಡಲೇಬೇಕು. ಗಸಗಸೆ ಯುಎಇ, ಸೌದಿ ಸೇರಿದಂತೆ ಗಲ್ಫಿನಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಜೈಲಿಗೆ ಹೋದವರಿದ್ದಾರೆ. ಅಂಟಿನ ಉಂಡಿ, ಕರ್ಚಿಕಾಯಿ, ಮಸಾಲೆ ಪುಡಿ ಯಾವುದರಲ್ಲೂ ಒಂದು ಚಿಟಿಕೆ ಗಸಗಸೆ ಇರಬಾರದು, ಮಾಡುವಾಗಲೇ ಹೇಳಿ. ಒಣ ಕೊಬ್ಬರಿ ಗಿಟುಕು ಬೆಂಕಿ ಹತ್ತುವ ವಸ್ತು ಎಂದು ವಿಮಾನದಲ್ಲೇ ಬಿಡುವುದಿಲ್ಲ. ಗುಟ್ಕಾ, ಎಲೆಯಡಿಕೆ ಬೇಡ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಧಾರಾಳವಾಗಿ ಒಯ್ಯಿರಿ. ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆ ಮಾತ್ರೆಗಳು ನಿಯಂತ್ರಿತ ಔಷಧಗಳು. ವೈದ್ಯರ ಚೀಟಿ ಮಾತ್ರ ಸಾಲದು, ಯುಎಇಗೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು.

ಮೊದಲ ಸಂಬಳ ಕೈಗೆ ಬರಲು ಒಂದೂವರೆ ತಿಂಗಳಾಗಬಹುದು, ಅಷ್ಟು ದಿನದ ಊಟ, ಬಸ್ಸು, ಸಿಮ್ಮಿನ ಖರ್ಚು ಜೊತೆಗಿರಲಿ. ರಾಯಚೂರಿನವರಿಗೆ ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಹತ್ತಿರ. ಬಳ್ಳಾರಿ, ಕೊಪ್ಪಳದವರು ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಆದರೆ ಅದೇ ಬೆಳಗ್ಗೆಯ ವಿಮಾನಕ್ಕೆ ಅದನ್ನು ನಂಬಬೇಡಿ, ರೈಲು ತಡವಾದರೆ ದೇವನಹಳ್ಳಿ ಮುಟ್ಟುವ ಹೊತ್ತಿಗೆ ಕೌಂಟರ್ ಮುಚ್ಚಿರುತ್ತದೆ.

ಅಲ್ಲಿ ಇಳಿದ ಮೇಲೆ

ಪಾಸ್‌ಪೋರ್ಟ್ ನಿಮ್ಮದು. ವೀಸಾ ಮುದ್ರೆಗೆಂದು ಕಂಪನಿ ಕೇಳಿದರೆ ಸಹಿ ಪಡೆದು ಕೊಡಿ, ಕೆಲಸ ಮುಗಿದ ಕೂಡಲೇ ವಾಪಸು ಕೇಳಿ. ಇಟ್ಟುಕೊಳ್ಳುವ ಅಧಿಕಾರ ಅವರಿಗಿಲ್ಲ. ಇಲ್ಲಿ ಸಹಿ ಮಾಡಿದ ಆಫರ್ ಮತ್ತು ಅಲ್ಲಿ ಸಹಿಗೆ ಕೊಡುವ ಒಪ್ಪಂದ ಎರಡನ್ನೂ ಸಾಲು ಸಾಲು ಹೋಲಿಸಿ, ಮೂಲ ವೇತನ ಕಡಿಮೆಯಾಗಿದ್ದರೆ ಸಹಿ ಹಾಕುವ ಮುಂಚೆಯೇ ಮಾತೆತ್ತಿ. ಯುಎಇಯಲ್ಲಿ ಉದ್ಯೋಗ ನಷ್ಟದ ವಿಮೆ ಕಡ್ಡಾಯ. ಮೂಲ ವೇತನ 16,000 ದಿರಹಂವರೆಗೆ ತಿಂಗಳಿಗೆ 5 ದಿರಹಂ, ಮಾಡಿಸದಿದ್ದರೆ 400 ದಂಡ.

ಸೈಟಿನಲ್ಲಿ ದುಡಿಯುವವರು, ರಾಯಚೂರಿನ ಬಿಸಿಲು ಕಂಡವನಿಗೆ ಇದೇನು ಎಂದುಕೊಳ್ಳಬೇಡಿ. ನಮ್ಮದು ಒಣ ಬಿಸಿಲು, ಬೆವರು ಆರುತ್ತದೆ. ಕರಾವಳಿಯ ದುಬೈ, ದೋಹಾದಲ್ಲಿ ಗಾಳಿಯ ತೇವಕ್ಕೆ ಬೆವರು ಆರದೆ ಮೈ ಬಿಸಿ ಒಳಗೇ ಉಳಿಯುತ್ತದೆ. ಅದಕ್ಕೇ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ.

ಪಾಸ್‌ಪೋರ್ಟ್, ವೀಸಾ, ಒಪ್ಪಂದದ ಪ್ರತಿ, ಕಂಪನಿಯ ಮತ್ತು ಇರುವ ಜಾಗದ ವಿಳಾಸ ಇವಿಷ್ಟನ್ನು ಮನೆಯಲ್ಲಿ ಓದಲು ಬರುವ ಒಬ್ಬರ ಕೈಗೆ ಕೊಟ್ಟು ಹೊರಡಿ. ಸಂಬಳ ನಿಂತರೆ, ಪಾಸ್‌ಪೋರ್ಟ್ ಕೊಡದಿದ್ದರೆ, ಫೋನ್ ಸಿಗದಿದ್ದರೆ ಅವರು ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಇಲ್ಲಿಂದಲೇ ದೂರು ಬರೆಯಬಹುದು, 1800 11 3090ಕ್ಕೆ ಉಚಿತವಾಗಿ ಕರೆ ಮಾಡಬಹುದು. ಈ ಸಂಖ್ಯೆಯನ್ನು ಅವರ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ.